‘ಸರ್ವರ್ ಡೌನ್’ ಎಂಬ ಫಲಕದ ಹಿಂದೆ

ಮಾನ್ಯ ಸಂಪಾದಕರೇ,

ಪಹಣಿಗೋ, ಆದಾಯ ಪ್ರಮಾಣಪತ್ರಕ್ಕೋ, ಪಡಿತರಕ್ಕೋ ಹೋಗಿ ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಮರಳಿದವರ ಅಳಲು ಓದುಗರ ಪತ್ರಗಳಲ್ಲಿ ಆಗಾಗ ಅಚ್ಚಾಗುತ್ತಿರುತ್ತದೆ. ಕಿಟಕಿಯ ಆಚೆ ನಿಂತವರ ಮಾತು ಹೀಗೆ ಹೊರಬರುತ್ತದೆ. ಈಚೆ ಕುಳಿತವರ ಮಾತು ಬರುವುದು ಕಡಿಮೆ. ನಾನು ಈಚೆ ಕುಳಿತವನು. ಒಂದು ಪದವಿ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಆ ಎರಡು ಪದಗಳ ಫಲಕವನ್ನು ನನ್ನ ಕೈಯಾರೆ ಬರೆದು ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ್ದೇನೆ, ಮತ್ತು ಒಮ್ಮೆ ಮೂರು ವಾರಗಳ ಕಾಲ ಆ ಫಲಕ ಸುಳ್ಳು ಹೇಳುತ್ತಿತ್ತು ಎಂಬುದನ್ನು ತಡವಾಗಿ ತಿಳಿದುಕೊಂಡಿದ್ದೇನೆ. ಆ ಮೂರು ವಾರಗಳಲ್ಲಿ ನಮ್ಮ ಸರ್ವರ್ ಒಂದು ನಿಮಿಷವೂ ನಿಂತಿರಲಿಲ್ಲ. ಅದರ ಹೆಸರು ಮಾತ್ರ ಉಳಿದ ಕಂಪ್ಯೂಟರುಗಳಿಗೆ ತಿಳಿಯುತ್ತಿರಲಿಲ್ಲ.

ಎಲ್ಲ ‘ಸರ್ವರ್ ಡೌನ್’ಗಳೂ ಇಂಥವೇ ಎಂದು ನಾನು ವಾದಿಸುತ್ತಿಲ್ಲ. ರಸ್ತೆ ಅಗೆಯುವವರು ಕೇಬಲ್ ಕತ್ತರಿಸುತ್ತಾರೆ, ಯುಪಿಎಸ್ ಬ್ಯಾಟರಿ ಸಾಯುತ್ತದೆ, ಹಾರ್ಡ್‌ಡಿಸ್ಕ್ ಕೈಕೊಡುತ್ತದೆ, ಕೊನೆಯ ದಿನಾಂಕದಂದು ಎಲ್ಲರೂ ಒಮ್ಮೆಲೇ ಮುಗಿಬಿದ್ದಾಗ ದೊಡ್ಡ ವ್ಯವಸ್ಥೆಗಳು ನಿಜವಾಗಿಯೇ ಕುಸಿಯುತ್ತವೆ. ಆದರೆ ಒಂದು ಕಚೇರಿ, ಆಸ್ಪತ್ರೆ, ಸಹಕಾರ ಸಂಘ ಅಥವಾ ಕಾಲೇಜಿನ ನಾಲ್ಕು ಗೋಡೆಗಳೊಳಗಿನ ನೆಟ್‌ವರ್ಕ್‌ನಲ್ಲಿ ಹೆಸರಿನ ತೊಂದರೆಯು ಸರ್ವರಿನ ತೊಂದರೆಯ ವೇಷ ಹಾಕಿಕೊಂಡು ಬರುವುದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿದ್ದೂ ನಾವು ಅದನ್ನು ಕೊನೆಗೆ ನೋಡುತ್ತೇವೆ. ಅದೇಕೆ ಹೀಗಾಗುತ್ತದೆ, ಅದನ್ನು ಹಿಡಿಯುವುದು ಹೇಗೆ ಎಂಬುದನ್ನು ನನ್ನದೇ ತಪ್ಪಿನ ಮೂಲಕ ವಿವರಿಸಲು ಈ ಪತ್ರ. ಸ್ವಲ್ಪ ದೀರ್ಘವಾದರೆ ತಾವು ಮನ್ನಿಸಬೇಕು.

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಯಿಂದ. ಒಳ ನೆಟ್‌ವರ್ಕ್‌ಗಳಿಗೆಂದೇ 10 ಎಂದು, 172.16ರಿಂದ 172.31ರವರೆಗೆ ಮತ್ತು 192.168 ಎಂದು ಆರಂಭವಾಗುವ ಮೂರು ಗುಂಪುಗಳನ್ನು ತೆಗೆದಿರಿಸಲಾಗಿದೆ. 1996ರಿಂದ ಜಾರಿಯಲ್ಲಿರುವ ಒಪ್ಪಂದವದು. ಈ ಸಂಖ್ಯೆಗಳಿಗೆ ಹೊರಗಿನ ಇಂಟರ್ನೆಟ್‌ನಲ್ಲಿ ಅರ್ಥವಿಲ್ಲ; ನಮ್ಮ ಮನೆಯೊಳಗೆ ‘ನಡುಕೋಣೆ’ ಎಂದರೆ ಯಾವುದೆಂದು ನಮಗೆ ಗೊತ್ತು, ಅಂಚೆಯವನಿಗೆ ಗೊತ್ತಿರಬೇಕಾಗಿಲ್ಲ ಎಂಬಂತೆ. ಮನುಷ್ಯರಿಗೆ ಸಂಖ್ಯೆ ನೆನಪಿಡುವುದು ಕಷ್ಟವಾದ್ದರಿಂದ ಹೆಸರಿಡುತ್ತೇವೆ, ಮತ್ತು ಹೆಸರು ಕೇಳಿದರೆ ಸಂಖ್ಯೆ ಹೇಳುವ ಕೆಲಸಕ್ಕೆ ಒಂದು ಕಂಪ್ಯೂಟರನ್ನು ನೇಮಿಸುತ್ತೇವೆ. ಅದೇ ಡಿಎನ್‌ಎಸ್ ಸರ್ವರ್, ಆಡುಮಾತಿನಲ್ಲಿ ನೇಮ್ ಸರ್ವರ್. ನಮ್ಮಲ್ಲಿ ಗ್ರಂಥಾಲಯದ ಪುಸ್ತಕಗಳ ಲೆಕ್ಕವಿಡುವ ಕೊಹಾ ತಂತ್ರಾಂಶವು 192.168.10.20 ಎಂಬ ಸಂಖ್ಯೆಯ ಯಂತ್ರದಲ್ಲಿತ್ತು. ಅದರ ಹೆಸರು ‘ಲೈಬ್ರರಿ ಡಾಟ್ ಲೋಕಲ್’. ಆ ಹೆಸರನ್ನು ಬಲ್ಲ ನೇಮ್ ಸರ್ವರ್ 192.168.10.5ರಲ್ಲಿತ್ತು. ಈ ಮೂರು ವಿಷಯಗಳನ್ನು ಓದುಗರು ನೆನಪಿಟ್ಟುಕೊಂಡರೆ ಸಾಕು.

ಆ ವರ್ಷ ಜೂನ್‌ನಲ್ಲಿ ಕಾಲೇಜು ತನ್ನ ಇಂಟರ್ನೆಟ್ ಸಂಪರ್ಕವನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಿತು. ಜುಲೈನಲ್ಲಿ ದಾಖಲಾತಿಯ ಗದ್ದಲದ ನಡುವೆ ಗ್ರಂಥಪಾಲಕರು ಬಂದು, ‘ಬೆಳಿಗ್ಗೆ ಬಂದಾಗ ಎಲ್ಲ ಸರಿ ಇರುತ್ತದೆ, ಹನ್ನೊಂದರ ಹೊತ್ತಿಗೆ ಪುಟವೇ ತೆರೆಯುವುದಿಲ್ಲ’ ಎಂದರು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಮತ್ತೆ ಸ್ವಲ್ಪ ಹೊತ್ತು ಸರಿ. ಇದು ಸರ್ವರಿಗೆ ಹೊರೆ ಹೆಚ್ಚಾದ ಲಕ್ಷಣವೆಂದು ನಾನು ನಿರ್ಧರಿಸಿದೆ, ಮತ್ತು ಫಲಕ ಬರೆದೆ. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಪಡೆದವರು ಬಂದು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ ಪೆಟ್ಟಿಗೆ ಬದಲಾಯಿಸಿದರು, ಕೇಬಲ್‌ನ ತುದಿಗಳನ್ನು ಹೊಸದಾಗಿ ಕ್ರಿಂಪ್ ಮಾಡಿದರು, ಎರಡು ಯಂತ್ರಗಳಿಗೆ ವಿಂಡೋಸನ್ನೇ ಮತ್ತೊಮ್ಮೆ ಹಾಕಿದರು. ಪ್ರತಿ ಸಲವೂ ಯಂತ್ರ ಮರುಚಾಲನೆಯಾಗುತ್ತಿದ್ದುದರಿಂದ ಪ್ರತಿ ಸಲವೂ ಅವರೆದುರು ಎಲ್ಲ ಸರಿಹೋಗುತ್ತಿತ್ತು, ಅವರು ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಮರುದಿನ ಹನ್ನೊಂದಕ್ಕೆ ಗ್ರಂಥಪಾಲಕರು ಮತ್ತೆ ನನ್ನ ಬಾಗಿಲಲ್ಲಿ. ಹುಡುಗರು ಪುಸ್ತಕ ಕೇಳಿಕೊಂಡು ಬಂದರೆ ಅವರು ಹಳೆಯ ಕಾರ್ಡುಗಳ ಪೆಟ್ಟಿಗೆಯನ್ನೇ ಮತ್ತೆ ಹೊರತೆಗೆದಿದ್ದರು. ಅದು ಒಮ್ಮೆಯೂ ‘ಡೌನ್’ ಆಗಲಿಲ್ಲ ಎಂದು ಅವರು ನಗುತ್ತಲೇ ಚುಚ್ಚಿದ್ದು ಇಂದಿಗೂ ನೆನಪಿದೆ.

ಮೂರನೆಯ ವಾರ, ಬೇರೆ ಉಪಾಯ ಕಾಣದೆ, ಬ್ರೌಸರಿನಲ್ಲಿ ಹೆಸರಿನ ಬದಲು 192.168.10.20 ಎಂದು ಬೆರಳಚ್ಚಿಸಿದೆ. ಪುಟ ತಟ್ಟನೆ ತೆರೆಯಿತು. ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದ, ಹತ್ತು ಸೆಕೆಂಡು ಹಿಡಿಯುವ ಈ ಪರೀಕ್ಷೆಯನ್ನು ನಾನು ಇಪ್ಪತ್ತು ದಿನಗಳ ನಂತರ ಮಾಡಿದ್ದೆ. ಸಂಖ್ಯೆಯಿಂದ ತೆರೆಯುತ್ತದೆ, ಹೆಸರಿನಿಂದ ತೆರೆಯುವುದಿಲ್ಲ ಎಂದಾದರೆ ಸರ್ವರ್, ಸ್ವಿಚ್, ಕೇಬಲ್ ಯಾವುದೂ ತಪ್ಪಿತಸ್ಥರಲ್ಲ. ಹುಡುಕಾಟ ಹೆಸರಿನ ಕಡೆಗೆ ತಿರುಗಬೇಕು.

ಅಲ್ಲಿಂದ ಮುಂದಿನ ಹೆಜ್ಜೆಯಲ್ಲಿ ನಾನು ಮತ್ತೊಮ್ಮೆ ಎಡವಿದೆ, ಮತ್ತು ಬಹಳ ಮಂದಿ ಎಡವುವುದು ಅಲ್ಲಿಯೇ. ಹೆಸರನ್ನು ವಿಚಾರಿಸುವ ‘ಎನ್‌ಎಸ್‌ಲುಕಪ್’ ಎಂಬ ಆದೇಶ ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಇದೆ. ಗ್ರಂಥಾಲಯದ ಯಂತ್ರದಲ್ಲಿ ಅದಕ್ಕೆ ‘ಲೈಬ್ರರಿ ಡಾಟ್ ಲೋಕಲ್’ ಎಂದು ಕೇಳಿದರೆ ಸರಿಯಾದ ಸಂಖ್ಯೆಯನ್ನೇ ಹೇಳಿತು. ಅದೇ ಯಂತ್ರದಲ್ಲಿ, ಅದೇ ನಿಮಿಷದಲ್ಲಿ, ಇನ್ನೊಂದು ಯಂತ್ರ ಓಗೊಡುತ್ತದೆಯೇ ಎಂದು ನೋಡುವ ‘ಪಿಂಗ್’ ಆದೇಶವು ಅಂಥ ಹೆಸರೇ ಸಿಗುತ್ತಿಲ್ಲ ಎಂದಿತು. ಒಂದೇ ಮನೆಯ ಇಬ್ಬರು ಹೀಗೆ ವಿರುದ್ಧ ಸಾಕ್ಷಿ ನುಡಿದರೆ ಯಾರನ್ನು ನಂಬುವುದು? ಉತ್ತರ ತಿಳಿಯಲು ನಾನು ಒಂದು ಸಂಜೆ ಪೂರ್ತಿ ಓದಬೇಕಾಯಿತು. ಎನ್‌ಎಸ್‌ಲುಕಪ್ ತನ್ನ ಪಾಡಿಗೆ ತಾನು, ಯಂತ್ರಕ್ಕೆ ಕೊಟ್ಟಿರುವ ನೇಮ್ ಸರ್ವರುಗಳ ಪಟ್ಟಿಯಲ್ಲಿ ಮೊದಲನೆಯದನ್ನು ನೇರವಾಗಿ ಕೇಳುತ್ತದೆ. ಯಂತ್ರ ಈ ಮೊದಲು ನೆನಪಿಟ್ಟುಕೊಂಡ ಉತ್ತರಗಳನ್ನಾಗಲಿ, ಹೋಸ್ಟ್ಸ್ ಎಂಬ ಕಡತದಲ್ಲಿ ಬರೆದಿಟ್ಟುದನ್ನಾಗಲಿ ಅದು ನೋಡುವುದಿಲ್ಲ. ಪಿಂಗ್ ಮತ್ತು ಬ್ರೌಸರುಗಳು ಆಪರೇಟಿಂಗ್ ಸಿಸ್ಟಮ್‌ನ ಮೂಲಕ ಕೇಳುತ್ತವೆ, ಮತ್ತು ಆಪರೇಟಿಂಗ್ ಸಿಸ್ಟಮ್‌ಗೆ ತನ್ನದೇ ನೆನಪು, ತನ್ನದೇ ಆದ್ಯತೆಗಳಿರುತ್ತವೆ. ಆದ್ದರಿಂದ ಎನ್‌ಎಸ್‌ಲುಕಪ್ ಸರಿ ಎಂದ ಮಾತ್ರಕ್ಕೆ ಯಂತ್ರಕ್ಕೆ ಹೆಸರು ತಿಳಿಯುತ್ತಿದೆ ಎಂದು ತೀರ್ಮಾನಿಸಬಾರದು. ಪಾಠ ಹೇಳುವ ಪುಸ್ತಕಗಳಲ್ಲಿ ಈ ಎಚ್ಚರಿಕೆ ಅಡಿಟಿಪ್ಪಣಿಯಾಗಿ ಬಂದರೆ ಹೆಚ್ಚು. ಮೊದಲ ಪುಟದಲ್ಲಿರಬೇಕಾಗಿತ್ತು ಎಂದು ನನ್ನ ಅನಿಸಿಕೆ.

ಯಂತ್ರ ಯಾರನ್ನು ಕೇಳುತ್ತಿದೆ ಎಂದು ತಿಳಿಯಲು ‘ಐಪಿಕಾನ್ಫಿಗ್’ ಆದೇಶದ ಪೂರ್ಣ ವರದಿಯನ್ನು ತೆಗೆದಾಗ ಎರಡು ನೇಮ್ ಸರ್ವರ್‌ಗಳ ಸಂಖ್ಯೆ ಕಂಡಿತು: ಒಂದು ನಮ್ಮ 192.168.10.5, ಇನ್ನೊಂದು 8.8.8.8. ಎರಡನೆಯದು ಗೂಗಲ್ 2009ರ ಡಿಸೆಂಬರಿನಿಂದ ಸಾರ್ವಜನಿಕರಿಗೆ ಉಚಿತವಾಗಿ ನಡೆಸುತ್ತಿರುವ ನೇಮ್ ಸರ್ವರ್. ಒಳ್ಳೆಯ ಸೇವೆಯೇ, ಆದರೆ ಅದಕ್ಕೆ ತಿಳಿದಿರುವುದು ಊರಿಗೆಲ್ಲ ತಿಳಿದ ಹೆಸರುಗಳು ಮಾತ್ರ. ನಮ್ಮ ಗ್ರಂಥಾಲಯದ ಒಳಹೆಸರನ್ನು ಅದಕ್ಕೆ ಕೇಳುವುದೆಂದರೆ, ಹಳ್ಳಿಯ ‘ಹಿತ್ತಲಮನೆ’ ಎಲ್ಲಿ ಎಂದು ಮೆಜೆಸ್ಟಿಕ್ ಬಸ್ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಕೇಳಿದಂತೆ. ‘ಅಂಥದ್ದು ಇಲ್ಲ’ ಎಂದು ಅದು ಪ್ರಾಮಾಣಿಕವಾಗಿಯೇ ಹೇಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಮೊದಲ ನೇಮ್ ಸರ್ವರಿಗೆ ಹೆಸರು ಗೊತ್ತಿಲ್ಲದಿದ್ದರೆ ಯಂತ್ರ ಎರಡನೆಯದನ್ನು ಕೇಳುತ್ತದೆ, ಎರಡನೆಯದಕ್ಕೆ ಗೊತ್ತಿಲ್ಲದಿದ್ದರೆ ಮೊದಲನೆಯದಕ್ಕೆ ಬರುತ್ತದೆ, ಹೀಗೆ ಎರಡೂ ಸೇರಿ ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ ಎಂದು ನಮ್ಮಲ್ಲಿ ಬಹುಪಾಲು ಜನ ನಂಬಿದ್ದಾರೆ, ನಾನೂ ನಂಬಿದ್ದೆ. ವಾಸ್ತವ ಹಾಗಿಲ್ಲ. ಮೊದಲನೆಯದು ಉತ್ತರವನ್ನೇ ಕೊಡದೆ ಸುಮ್ಮನಿದ್ದರೆ ಅಥವಾ ಉತ್ತರಿಸಲಾಗದೆ ಕೈಚೆಲ್ಲಿದರೆ ಮಾತ್ರ ಯಂತ್ರ ಎರಡನೆಯದರ ಬಳಿಗೆ ಹೋಗುತ್ತದೆ. ‘ಆ ಹೆಸರಿಲ್ಲ’ ಎಂಬುದು ಮೌನವಲ್ಲ, ಪೂರ್ಣ ಉತ್ತರ. ಅದು ಯಾವ ಸರ್ವರಿನಿಂದ ಬಂದರೂ ವಿಚಾರಣೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಪಟ್ಟಿಯಲ್ಲಿರುವ ಎಲ್ಲ ನೇಮ್ ಸರ್ವರುಗಳೂ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಡುವಂಥವಾಗಿರಬೇಕು. ಒಳಗಿನದನ್ನು ಬಲ್ಲದ್ದು ಒಂದು, ಅರಿಯದ್ದು ಇನ್ನೊಂದು ಎಂದು ಜೋಡಿ ಕಟ್ಟಿದರೆ ಉತ್ತರ ಆ ಗಳಿಗೆಯ ಅದೃಷ್ಟವನ್ನು ಅವಲಂಬಿಸುತ್ತದೆ.

ಹಾಗಾದರೆ ನಮ್ಮ ಮೊದಲ ನೇಮ್ ಸರ್ವರ್ ಹನ್ನೊಂದು ಗಂಟೆಗೆ ಏಕೆ ಸುಮ್ಮನಾಗುತ್ತಿತ್ತು? ಅದು ಒಳಗಿನ ಹೆಸರುಗಳಿಗೆ ತಾನೇ ಉತ್ತರಿಸುತ್ತಿತ್ತು. ಹೊರಗಿನ ಹೆಸರುಗಳು ಬಂದರೆ ಇಂಟರ್ನೆಟ್ ಕಂಪನಿಯ ನೇಮ್ ಸರ್ವರಿಗೆ ರವಾನಿಸಿ ಉತ್ತರ ತರಿಸಿಕೊಳ್ಳುತ್ತಿತ್ತು. ಹೀಗೆ ರವಾನಿಸುವ ವಿಳಾಸಕ್ಕೆ ಫಾರ್ವರ್ಡರ್ ಎನ್ನುತ್ತಾರೆ. ಜೂನ್‌ನಲ್ಲಿ ಕಂಪನಿ ಬದಲಾಯಿತು, ಫಾರ್ವರ್ಡರ್ ಬದಲಾಗಲಿಲ್ಲ. ಹಳೆಯ ಕಂಪನಿಯ ನೇಮ್ ಸರ್ವರ್ ತನ್ನ ಗ್ರಾಹಕರಲ್ಲದವರಿಗೆ ಉತ್ತರ ಕೊಡುವುದಿಲ್ಲ; ಅದು ಸರಿಯಾದ ನಡೆಯೂ ಹೌದು. ನಮ್ಮದು ಅಲ್ಲಿಗೆ ಕೇಳಿ, ಕಾದು, ಮತ್ತೆ ಕೇಳಿ, ಮತ್ತೆ ಕಾದು ಕುಳಿತಿರುವಾಗ, ಇತ್ತ ಗ್ರಂಥಾಲಯದ ವಿಂಡೋಸ್ ಯಂತ್ರ ಒಂದು ಸೆಕೆಂಡಿನಲ್ಲೇ ತಾಳ್ಮೆಗೆಟ್ಟು 8.8.8.8ನ್ನು ಕೇಳುತ್ತಿತ್ತು, ಉತ್ತರ ಸಿಗುತ್ತಿತ್ತು, ಮತ್ತು ಇದೇ ಚುರುಕಾಗಿದೆ ಎಂದು ಆಮೇಲೂ ಸ್ವಲ್ಪ ಹೊತ್ತು ಅದನ್ನೇ ಮೊದಲು ಕೇಳುತ್ತಿತ್ತು. ಆ ಹೊತ್ತಿನಲ್ಲಿ ಯಾರಾದರೂ ಪುಸ್ತಕ ಹುಡುಕಲು ಹೋದರೆ ‘ಲೈಬ್ರರಿ ಡಾಟ್ ಲೋಕಲ್’ ಎಂಬ ಪ್ರಶ್ನೆಯೂ ಗೂಗಲ್‌ಗೇ ಹೋಗಿ ‘ಇಲ್ಲ’ ಎಂದು ಬರುತ್ತಿತ್ತು. ಬೆಳಿಗ್ಗೆ ಕಂಪ್ಯೂಟರ್ ಹೊತ್ತಿಸಿದ ಕೂಡಲೇ ಗ್ರಂಥಾಲಯದ ಪುಟ ತೆರೆಯುತ್ತಿದ್ದುದು ಏಕೆ, ಹೊರಗಿನ ನಾಲ್ಕು ಜಾಲತಾಣಗಳನ್ನು ನೋಡಿದ ಮೇಲೆ ಕೆಡುತ್ತಿದ್ದುದು ಏಕೆ, ಮರುಚಾಲನೆ ಮಾಡಿದರೆ ಸರಿಹೋಗುತ್ತಿದ್ದುದು ಏಕೆ ಎಂಬುದೆಲ್ಲ ಈಗ ಬಿಡಿಬಿಡಿಯಾಗಿ ಅರ್ಥವಾಯಿತು.

ಪಟ್ಟಿಯಲ್ಲಿ 8.8.8.8 ಸೇರಿಸಿದವರು ಯಾರು ಎಂದು ಕೇಳಿದರೆ, ನಾನೇ. ಹೊಸ ಸಂಪರ್ಕ ಬಂದ ವಾರ ‘ಇಂಟರ್ನೆಟ್ ನಿಧಾನ’ ಎಂಬ ದೂರುಗಳು ಬಂದಾಗ, ಎಲ್ಲ ಯಂತ್ರಗಳಿಗೂ ವಿಳಾಸ ಹಂಚುವ ರೌಟರಿನಲ್ಲಿ ಅದನ್ನು ಎರಡನೆಯದಾಗಿ ಬರೆದಿದ್ದೆ. ದೂರು ನಿಂತಿತು, ಪ್ರಾಂಶುಪಾಲರು ಬೆನ್ನು ತಟ್ಟಿದರು. ರೋಗದ ಮೂಲವಾದ ಫಾರ್ವರ್ಡರ್ ಹಾಗೆಯೇ ಉಳಿದು, ಅದರ ಮೇಲೆ ನಾನು ಹಚ್ಚಿದ ಮುಲಾಮು ಗ್ರಂಥಾಲಯದ ಕೈಕಾಲು ಕಟ್ಟಿತು.

ಪರಿಹಾರ ಅರ್ಧ ಗಂಟೆಯ ಕೆಲಸ. ಫಾರ್ವರ್ಡರನ್ನು ಹೊಸ ಕಂಪನಿಯ ವಿಳಾಸಕ್ಕೆ ಬದಲಾಯಿಸಿ, ಅದು ಉತ್ತರಿಸುತ್ತಿದೆಯೇ ಎಂದು ನೇಮ್ ಸರ್ವರ್ ಯಂತ್ರದಲ್ಲೇ ಕುಳಿತು ಹೆಸರು ವಿಚಾರಿಸುವ ‘ಡಿಗ್’ ಎಂಬ ಇನ್ನೊಂದು ಆದೇಶದಿಂದ ಪರೀಕ್ಷಿಸಿ, ರೌಟರಿನ ಪಟ್ಟಿಯಿಂದ 8.8.8.8ನ್ನು ತೆಗೆದೆ. ಆದರೂ ಕೆಲವು ಯಂತ್ರಗಳು ‘ಇಲ್ಲ’ ಎಂದೇ ಹಟ ಹಿಡಿದವು. ಸಿಕ್ಕ ಉತ್ತರವನ್ನು ನೆನಪಿಡುವಂತೆ ‘ಇಲ್ಲ’ ಎಂಬುದನ್ನೂ ಇಂತಿಷ್ಟು ಹೊತ್ತು ನೆನಪಿಡಬೇಕೆಂಬುದು 1998ರಲ್ಲಿ ಸ್ಪಷ್ಟವಾಗಿ ಬರೆದಿಟ್ಟ ನಿಯಮ; ಅದಿಲ್ಲದಿದ್ದರೆ ಇಲ್ಲದ ಹೆಸರುಗಳನ್ನು ಕೇಳಿ ಕೇಳಿಯೇ ಜಗತ್ತಿನ ನೇಮ್ ಸರ್ವರುಗಳು ಸುಸ್ತಾಗುತ್ತಿದ್ದವು. ವಿಂಡೋಸ್‌ನಲ್ಲಿ ಆ ನೆನಪನ್ನು ಅಳಿಸಲು ‘ಫ್ಲಶ್ ಡಿಎನ್‌ಎಸ್’ ಎಂಬ ಆದೇಶವಿದೆ. ದುರಸ್ತಿ ಮಾಡಿದ ಮೇಲೆ ಇದನ್ನು ಕೊಡದೆ, ದುರಸ್ತಿಯೇ ತಪ್ಪಾಯಿತೆಂದು ಭಾವಿಸಿ ಸರಿಯಾಗಿದ್ದನ್ನೂ ಕೆಡಿಸಿಕೊಂಡವರನ್ನು ಬಲ್ಲೆ.

ಪ್ರಯೋಗಾಲಯದ ಲಿನಕ್ಸ್ ಯಂತ್ರಗಳು ಇಷ್ಟಾದರೂ ಬಗ್ಗಲಿಲ್ಲ. ಅವುಗಳ ತಕರಾರು ಬೇರೆ, ಮತ್ತು ಅದರ ಹೊಣೆ ನಮ್ಮ ಹೆಸರಿನದೇ. ‘ಲೋಕಲ್’ ಎಂದು ಕೊನೆಗೊಳ್ಳುವ ಹೆಸರುಗಳನ್ನು, ನೇಮ್ ಸರ್ವರೇ ಇಲ್ಲದ ಪುಟ್ಟ ಜಾಲಗಳಲ್ಲಿ ಯಂತ್ರಗಳು ಅಕ್ಕಪಕ್ಕದವರನ್ನು ಕೂಗಿ ಕೇಳುವ ಪದ್ಧತಿಗೆಂದು 2013ರಲ್ಲಿ ಅಧಿಕೃತವಾಗಿ ಮೀಸಲಿಡಲಾಗಿದೆ. ಪ್ರಿಂಟರುಗಳು ತಾವಾಗಿಯೇ ಕಾಣಿಸಿಕೊಳ್ಳುವುದು ಹೀಗೆ. ಅನೇಕ ಲಿನಕ್ಸ್ ಯಂತ್ರಗಳು ಇಂಥ ಹೆಸರು ಕಂಡರೆ ಪಕ್ಕದವರನ್ನು ಕೂಗುತ್ತವೆ, ಯಾರೂ ಓಗೊಡದಿದ್ದರೆ ಅಲ್ಲಿಗೇ ಬಿಡುತ್ತವೆ, ನೇಮ್ ಸರ್ವರಿನ ಬಾಗಿಲನ್ನು ತಟ್ಟುವುದೇ ಇಲ್ಲ. ಹಿಂದೆ ಒಳ ನೆಟ್‌ವರ್ಕ್‌ಗಳಿಗೆ ‘ಲೋಕಲ್’ ಎಂದಿಡುವುದು ವಾಡಿಕೆಯಾಗಿದ್ದುದರಿಂದ ಹಳೆಯ ಸಂಸ್ಥೆಗಳಲ್ಲಿ ಈ ತೊಡಕು ಇಂದಿಗೂ ಉಳಿದಿದೆ. ಖಾಸಗಿ ಬಳಕೆಗೆಂದೇ ‘ಇಂಟರ್ನಲ್’ ಎಂಬ ಕೊನೆಯನ್ನು ಜಾಗತಿಕ ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕ್ಯಾನ್ 2024ರ ಜುಲೈನಲ್ಲಿ ಕಾಯ್ದಿರಿಸಿತು. ಈಗ ನಾವೂ ಅದಕ್ಕೆ ಬದಲಾಗಿದ್ದೇವೆ. ಹೆಸರನ್ನು ಕನ್ನಡ ಲಿಪಿಯಲ್ಲೇ ಇಡೋಣವೆಂದು ಕನ್ನಡ ವಿಭಾಗದ ಮೇಷ್ಟ್ರೊಬ್ಬರು ಸೂಚಿಸಿದರು. ‘ಡಾಟ್ ಭಾರತ’ ಎಂಬ ಕೊನೆ ಕನ್ನಡ ಲಿಪಿಯಲ್ಲೂ ಇರುವಾಗ ಅವರ ಮಾತು ಅಸಾಧ್ಯವಾದದ್ದಲ್ಲ. ಆದರೆ ಒಳಗೊಳಗೆ ಯಂತ್ರಗಳು ಅದನ್ನು ‘ಎಕ್ಸ್‌ಎನ್’ ಎಂದು ಆರಂಭವಾಗುವ, ಕಣ್ಣಿಗೆ ಅರ್ಥವಾಗದ ಅಕ್ಷರಮಾಲೆಯಾಗಿ ಬದಲಾಯಿಸಿಕೊಂಡೇ ಕೇಳುತ್ತವೆ, ನೇಮ್ ಸರ್ವರಿನ ಕಡತದಲ್ಲಿ ಬರೆಯಬೇಕಾದದ್ದೂ ಆ ರೂಪವನ್ನೇ. ನನಗೆ ಧೈರ್ಯ ಸಾಲಲಿಲ್ಲ.

ಆ ಕಡತದ ಬಗ್ಗೆಯೂ ಒಂದು ಮಾತು. ಅದರಲ್ಲಿ ಪೂರ್ಣ ಹೆಸರು ಬರೆದ ಮೇಲೆ ಕೊನೆಗೊಂದು ಚುಕ್ಕೆ ಇಡಬೇಕು. ಮರೆತರೆ ಸರ್ವರ್ ಅದನ್ನು ಅರ್ಧ ಹೆಸರೆಂದು ಭಾವಿಸಿ ಸಂಸ್ಥೆಯ ಹೆಸರನ್ನು ಇನ್ನೊಮ್ಮೆ ಬಾಲಕ್ಕೆ ಅಂಟಿಸುತ್ತದೆ. ಕನ್ನಡದಲ್ಲಿ ಒಂದು ಸೊನ್ನೆ ಬಿಟ್ಟರೆ ಕಂದ ಕದವಾಗುವಂತೆ ಇದೂ. ಹಾಗೆಯೇ ಕಡತವನ್ನು ತಿದ್ದಿದಾಗಲೆಲ್ಲ ಅದರ ತಲೆಯಲ್ಲಿರುವ ಕ್ರಮಸಂಖ್ಯೆಯನ್ನು ಏರಿಸಬೇಕು. ಏರಿಸದಿದ್ದರೆ ಪ್ರತಿ ಇಟ್ಟುಕೊಳ್ಳುವ ಎರಡನೆಯ ನೇಮ್ ಸರ್ವರ್ ‘ಏನೂ ಬದಲಾಗಿಲ್ಲ’ ಎಂದುಕೊಂಡು ಹಳೆಯ ವಿಳಾಸವನ್ನೇ ಹೇಳುತ್ತಿರುತ್ತದೆ. 8.8.8.8ರ ಜಾಗಕ್ಕೆ ನಾನು ಒಂದು ಹಳೆಯ ಡೆಸ್ಕ್‌ಟಾಪನ್ನು ಎರಡನೆಯ ನೇಮ್ ಸರ್ವರಾಗಿ ಕೂರಿಸಿದ ಮೊದಲ ತಿಂಗಳಲ್ಲೇ ಈ ತಪ್ಪನ್ನೂ ಮಾಡಿದೆ. ಈಗ 2024071502 ಎಂಬಂತೆ ವರ್ಷ, ತಿಂಗಳು, ದಿನ ಮತ್ತು ಆ ದಿನದ ಎಷ್ಟನೆಯ ತಿದ್ದುಪಡಿ ಎಂಬುದನ್ನು ಸೇರಿಸಿ ಬರೆಯುವ ರೂಢಿ ಮಾಡಿಕೊಂಡಿದ್ದೇನೆ.

ನೆರೆಯ ತಾಲ್ಲೂಕಿನ ಸಂಸ್ಥೆಯೊಂದರಲ್ಲಿ ನನ್ನಂತೆಯೇ ಕೆಲಸ ಮಾಡುವ ಸ್ನೇಹಿತರಿಗೆ ಎದುರಾದ ತೊಂದರೆ ಇದಕ್ಕಿಂತ ಸ್ವಾರಸ್ಯಕರ. ಮಳೆಗಾಲದ ಒಂದು ಬೆಳಿಗ್ಗೆ, ರಾತ್ರಿಯೆಲ್ಲ ವಿದ್ಯುತ್ ಇಲ್ಲದೆ ಯುಪಿಎಸ್ ಕೂಡ ಬರಿದಾದ ನಂತರ, ಅವರ ನೇಮ್ ಸರ್ವರ್ ಒಳಗಿನ ಹೆಸರುಗಳನ್ನೆಲ್ಲ ಹೇಳುತ್ತಿತ್ತು, ಹೊರಗಿನ ಒಂದನ್ನೂ ಹೇಳುತ್ತಿರಲಿಲ್ಲ. ಸಂಪರ್ಕ ಸರಿ ಇತ್ತು, ಸಂಖ್ಯೆಗೆ ಪಿಂಗ್ ಹೋಗುತ್ತಿತ್ತು. ಕೊನೆಗೆ ನೋಡಿದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತು ಯಂತ್ರದ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಇಂದಿನ ಅನೇಕ ನೇಮ್ ಸರ್ವರುಗಳು ಹೊರಗಿನಿಂದ ಬಂದ ಉತ್ತರಕ್ಕೆ ಅಧಿಕೃತ ಸಹಿ ಇದೆಯೇ ಎಂದು ಪರಿಶೀಲಿಸುತ್ತವೆ. 2010ರ ಜುಲೈನಿಂದ ಹೆಸರುಗಳ ಬೇರಿನಲ್ಲಿಯೇ, ಅಂದರೆ ಹೆಸರಿನ ಹುಡುಕಾಟ ಶುರುವಾಗುವ ಮೂಲದಲ್ಲಿಯೇ, ಇಂಥ ಸಹಿ ಇದೆ. ಪ್ರತಿ ಸಹಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುವುದರಿಂದ, ಹಿಂದೆ ಉಳಿದ ಗಡಿಯಾರಕ್ಕೆ ಎಲ್ಲ ಸಹಿಗಳೂ ಇನ್ನೂ ಹುಟ್ಟದವುಗಳಂತೆ ಕಂಡು ಎಲ್ಲವೂ ತಿರಸ್ಕೃತವಾಗುತ್ತಿದ್ದವು. ಗಡಿಯಾರವನ್ನು ಇಂಟರ್ನೆಟ್‌ನಿಂದ ತಾನಾಗಿಯೇ ಸರಿಪಡಿಸಿಕೊಳ್ಳಬಾರದೇ ಎಂದರೆ, ಸಮಯ ಹೇಳುವ ಸರ್ವರಿನದೂ ಹೆಸರೇ ತಾನೆ. ಆ ಹೆಸರು ತಿಳಿಯಬೇಕಾದರೆ ಮೊದಲು ಸಮಯ ಸರಿಯಿರಬೇಕು! ಮೂಲೆಯ ಅಂಗಡಿಯಲ್ಲಿ ಸಿಗುವ ಒಂದು ಪುಟ್ಟ ಬ್ಯಾಟರಿಯಿಂದ ಮುಗಿದ ಆ ಪ್ರಕರಣದಲ್ಲಿ ಅಂದು ಇಡೀ ದಿನ ಅವರ ಬಾಗಿಲಲ್ಲಿಯೂ ಅದೇ ಎರಡು ಪದಗಳ ಫಲಕ ತೂಗುತ್ತಿತ್ತು.

ಇದೆಲ್ಲ ಸಣ್ಣ ಊರಿನ ಅರೆಬರೆ ತಿಳಿದವರ ಪಾಡು ಎಂದು ಓದುಗರು ಭಾವಿಸಬಾರದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಮ್ ಸುಮಾರು ಆರು ಗಂಟೆಗಳ ಕಾಲ ಮಾಯವಾದಾಗ ಯಂತ್ರಗಳು ಉರಿದುಹೋಗಿರಲಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಅವರ ದತ್ತಾಂಶ ಕೇಂದ್ರಗಳ ನಡುವಿನ ಸಂಪರ್ಕ ಕಡಿದು, ಅದರ ಬೆನ್ನಿಗೆ ಅವರ ನೇಮ್ ಸರ್ವರುಗಳಿಗೆ ಹೋಗುವ ದಾರಿಯೇ ಇಂಟರ್ನೆಟ್‌ನಿಂದ ಅಳಿಸಿಹೋಗಿತ್ತು. ದುರಸ್ತಿಗೆ ಬೇಕಾದ ಅವರದೇ ಒಳಗಿನ ಸಲಕರಣೆಗಳೂ ಅದೇ ಹೆಸರುಗಳನ್ನು ನೆಚ್ಚಿಕೊಂಡಿದ್ದುದರಿಂದ ಎಂಜಿನಿಯರುಗಳು ಖುದ್ದಾಗಿ ಕೇಂದ್ರಗಳಿಗೆ ಹೋಗಬೇಕಾಯಿತು. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ ಸೇವೆ ಕುಸಿದು ನೂರಾರು ಆ್ಯಪ್‌ಗಳು ನಿಂತದ್ದಕ್ಕೂ ಮೂಲ ಕಾರಣ, ಅಮೆರಿಕದ ವರ್ಜೀನಿಯಾ ಪ್ರದೇಶದ ಒಂದು ದತ್ತಸಂಚಯ ಸೇವೆಯ ಹೆಸರಿನ ಮುಂದೆ ವಿಳಾಸವೇ ಇಲ್ಲದೆ ಖಾಲಿಯಾದದ್ದು. ವ್ಯತ್ಯಾಸವೆಂದರೆ ಆ ಸಂಸ್ಥೆಗಳು ಆಮೇಲೆ ಏನಾಯಿತೆಂದು ವಿವರವಾಗಿ ಬರೆದು ಪ್ರಕಟಿಸಿದವು. ನಾವು ಫಲಕ ತೆಗೆದು ಕಸದ ಬುಟ್ಟಿಗೆ ಹಾಕುತ್ತೇವೆ.

ಹೆಸರುಗಳ ಈ ವ್ಯವಸ್ಥೆ ಹುಟ್ಟಿದ್ದೇ ಇಂಥ ಒಂದು ತಲೆನೋವಿನಿಂದ. 1980ರ ದಶಕದ ಆರಂಭದವರೆಗೂ ಇಡೀ ಜಾಲದ ಹೆಸರುಗಳು ಒಂದೇ ಕಡತದಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ಕೈಯಿಂದ ತಿದ್ದುತ್ತಿತ್ತು, ಉಳಿದವರು ಅದರ ಪ್ರತಿ ತರಿಸಿಕೊಳ್ಳುತ್ತಿದ್ದರು. ಹೆಸರುಗಳು ಹೆಚ್ಚಿ ಪ್ರತಿಗಳು ಒಂದಕ್ಕೊಂದು ಹೊಂದದಂತಾದಾಗ ಪಾಲ್ ಮೊಕಾಪೆಟ್ರಿಸ್ ಅವರು 1983ರಲ್ಲಿ ಡಿಎನ್‌ಎಸ್ ವಿನ್ಯಾಸವನ್ನು ಮುಂದಿಟ್ಟರು. ಆ ಹಳೆಯ ಕಡತದ ಮೊಮ್ಮಗನಾಗಿ ‘ಹೋಸ್ಟ್ಸ್’ ಎಂಬ ಕಡತ ಇಂದಿಗೂ ಪ್ರತಿಯೊಂದು ಕಂಪ್ಯೂಟರಿನಲ್ಲಿದೆ, ಮತ್ತು ಹೆಸರು ತಿಳಿಯದಿದ್ದಾಗ ಅದರಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳುವ ಚಾಳಿಯೂ ಇದೆ. ಅಂದಿನ ಕೆಲಸ ಆಗುತ್ತದೆ. ಎರಡು ವರ್ಷದ ನಂತರ ಸರ್ವರಿನ ಸಂಖ್ಯೆ ಬದಲಾದಾಗ ಆ ಒಂದು ಯಂತ್ರ ಮಾತ್ರ ಹಳೆಯ ವಿಳಾಸಕ್ಕೆ ಹೋಗುತ್ತಿರುತ್ತದೆ, ಸಾಲು ಬರೆದವರು ಅಷ್ಟರಲ್ಲಿ ವರ್ಗವಾಗಿರುತ್ತಾರೆ.

ನಿಜವಾದ ತೊಡಕು ಇರುವುದು ಇಲ್ಲಿಯೇ. ನಮ್ಮ ಸಂಸ್ಥೆಗಳು ಸರ್ವರ್ ಕೊಳ್ಳಲು ಟೆಂಡರ್ ಕರೆಯುತ್ತವೆ, ಯಂತ್ರದ ನಿರ್ವಹಣೆಗೆ ಗುತ್ತಿಗೆ ಕೊಡುತ್ತವೆ. ಆ ಗುತ್ತಿಗೆಯಲ್ಲಿ ಪವರ್ ಸಪ್ಲೈ, ಕೀಲಿಮಣೆ, ಮೌಸ್ ಎಲ್ಲ ಇರುತ್ತವೆ, ನೇಮ್ ಸರ್ವರಿನ ಕಡತ ಯಾರ ಹೊಣೆ ಎಂಬುದಿರುವುದಿಲ್ಲ. ಯಾವ ಹೆಸರಿಗೆ ಯಾವ ಸಂಖ್ಯೆ, ಫಾರ್ವರ್ಡರ್ ಯಾವುದು, ವಿಳಾಸ ಹಂಚುವ ಪೆಟ್ಟಿಗೆ ಎಲ್ಲಿದೆ ಎಂಬುದು ಒಬ್ಬರ ತಲೆಯಲ್ಲಿರುತ್ತದೆ, ಆ ತಲೆ ನಿವೃತ್ತವಾಗುತ್ತದೆ. ಕಚೇರಿಯ ಬೀರುವಿನ ಕೀಲಿಯನ್ನು ಹಸ್ತಾಂತರಿಸುವಾಗ ಸಹಿ ಪಡೆಯುವ ನಾವು ಇದಕ್ಕೆ ಒಂದು ಹಾಳೆಯನ್ನೂ ಬರೆಸಿಕೊಳ್ಳುವುದಿಲ್ಲ. ನಮ್ಮ ಸರ್ವರ್ ಕೋಣೆಯ ಬಾಗಿಲ ಒಳಬದಿಗೆ ಈಗ ಒಂದು ಹಾಳೆ ಅಂಟಿಸಿದ್ದೇನೆ, ಇಂಟರ್ನೆಟ್ ಕಂಪನಿ ಬದಲಾದರೆ ಮೊದಲು ತಿದ್ದಬೇಕಾದ ಸಾಲಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ಬಿಸಿಎ ಓದುವ ನಮ್ಮದೇ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಡಿಎನ್‌ಎಸ್‌ನ ಮರದ ಚಿತ್ರವನ್ನು ಅಂದವಾಗಿ ಬಿಡಿಸುತ್ತಾರೆ, ಹದಿಮೂರು ಮೂಲ ಸರ್ವರುಗಳ ಹೆಸರನ್ನೂ ಬರೆಯುತ್ತಾರೆ. ತಮ್ಮ ಎದುರಿನ ಕಂಪ್ಯೂಟರ್ ಈ ಗಳಿಗೆ ಯಾರನ್ನು ಕೇಳುತ್ತಿದೆ ಎಂದು ತೋರಿಸಿ ಎಂದರೆ ತಬ್ಬಿಬ್ಬಾಗುತ್ತಾರೆ. ಕಳೆದ ಎರಡು ವರ್ಷಗಳಿಂದ ನಾನು ಬೇಕೆಂದೇ ಫಾರ್ವರ್ಡರನ್ನು ಕೆಡಿಸಿಟ್ಟು ಅವರಿಗೆ ಹುಡುಕಲು ಬಿಡುತ್ತಿದ್ದೇನೆ. ಪಠ್ಯಕ್ರಮ ರೂಪಿಸುವವರು ಇಂಥದೊಂದು ಪ್ರಯೋಗವನ್ನು ಅಂಕಗಳ ಸಮೇತ ಸೇರಿಸಬೇಕೆಂಬುದು ನನ್ನ ಕೋರಿಕೆ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ‘ಸರ್ವರ್ ಡೌನ್: ಸಾರ್ವಜನಿಕರ ಪರದಾಟ’ ಎಂಬ ಸುದ್ದಿಗೆ ತಮ್ಮ ವರದಿಗಾರರು ಹೋದಾಗ, ಎಷ್ಟು ಜನ ಮರಳಿದರು ಎಂಬುದರ ಜೊತೆಗೆ, ‘ಹೆಸರಿನ ಬದಲು ಸಂಖ್ಯೆ ಕೊಟ್ಟು ತೆರೆದು ನೋಡಿದಿರಾ?’ ಎಂಬ ಒಂದು ಪ್ರಶ್ನೆಯನ್ನೂ ಅಲ್ಲಿನ ಸಿಬ್ಬಂದಿಗೆ ಕೇಳಲಿ. ಆ ಜುಲೈನಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ ಗ್ರಂಥಾಲಯದ ಕಾರ್ಡು ಪೆಟ್ಟಿಗೆ ಮೂರು ವಾರ ಮೊದಲೇ ಅಟ್ಟ ಸೇರುತ್ತಿತ್ತು.

ಇಂತಿ ತಮ್ಮ ವಿಶ್ವಾಸಿ,
ಕಾಲೇಜೊಂದರ ಕಂಪ್ಯೂಟರ್ ವಿಭಾಗದ ಸಿಬ್ಬಂದಿ